ಒಳ ಅಂಚು

ಟೈರು ನೋಡುವುದಕ್ಕೆ ಕಣ್ಣು ಬೇಡ, ಕೈ ಸಾಕು ಎಂಬುದು ಬೆರಳಣ್ಣನ ಮೂವತ್ತು ವರ್ಷದ ಜಂಭ. ಸುಳ್ಳು ಜಂಭವೇನಲ್ಲ. ಬೇರೆ ಅಂಗಡಿಯವರು ಗಾಡಿಯನ್ನು ಲಿಫ್ಟಿಗೆ ಏರಿಸಿ, ಟಾರ್ಚು ಬಿಟ್ಟು, ಗೀರುಗಳೊಳಗೆ ಅಳತೆ ಕಡ್ಡಿ ತೂರಿಸಿ, ಕನ್ನಡಕ ಒರೆಸಿಕೊಂಡು ಹೇಳುವುದನ್ನು ಇವನು ಕುಕ್ಕರಗಾಲಲ್ಲಿ ಕೂತು, ಟೈರಿನ ಮೇಲೆ ಕೈಯನ್ನು ಒಮ್ಮೆ ಆಚೆ ಒಮ್ಮೆ ಈಚೆ ಎಳೆದು ಹೇಳಿಬಿಡುತ್ತಿದ್ದ. ‘ಗಾಳಿ ಕಮ್ಮಿ ಇಟ್ಕೊಂಡು ಓಡಿಸಿದೀರಿ.’ ‘ಅಲೈನ್‌ಮೆಂಟು ಎಡಕ್ಕೆ ಎಳೀತಾ ಇದೆ.’ ‘ತಿರುವಿನಲ್ಲಿ ಬ್ರೇಕು ಒತ್ತೋ ಅಭ್ಯಾಸ ನಿಮ್ಮದೋ, ನಿಮ್ಮ ಯಜಮಾನರದೋ?’ ಈ ಕೊನೆಯ ಪ್ರಶ್ನೆಯಿಂದ ಅಂಗಡಿಯ ಬಾಗಿಲಲ್ಲೇ ಎರಡು ಸಂಸಾರಗಳು ಜಗಳವಾಡಿಕೊಂಡದ್ದೂ ಉಂಟು. ಹೀಗೆ ಅವನಿಗೆ ಬೆರಳಣ್ಣ ಎಂಬ ಹೆಸರು ಬಿತ್ತು, ಅವನು ಎಲ್ಲರಿಗೂ ಅಣ್ಣನಾದ ಮೇಲೆ ಅವನ ಹೆಂಡತಿ ಎಲ್ಲರಿಗೂ ಅತ್ತಿಗೆಯಾದಳು. ಅವಳ ಅಪ್ಪನ ವಯಸ್ಸಿನ ಲಾರಿ ಡ್ರೈವರುಗಳು ಕೂಡ ‘ಅತ್ತಿಗೇ, ಸ್ವಲ್ಪ ಬೇಗ’ ಎಂದು ಗೋಗರೆಯುವುದು ಕೇಳಿದರೆ ಹೊಸಬರಿಗೆ ನಗು ಬರುತ್ತಿತ್ತು.

ಅಂಗಡಿಯಲ್ಲಿ ಕೈ ಅವನದಾದರೆ ಓದು ಅವಳದು. ಟೈರಿನ ಪಕ್ಕದಲ್ಲಿ ಉಬ್ಬಚ್ಚು ಹಾಕಿದ ಅಂಕಿ ಅಕ್ಷರಗಳನ್ನೆಲ್ಲ ಅತ್ತಿಗೆ ಪೇಪರಿನ ಹಾಗೆ ಸರಸರ ಓದುತ್ತಿದ್ದಳು. ಎಷ್ಟು ಅಗಲ, ಎಷ್ಟು ಎತ್ತರ, ಎಷ್ಟು ಭಾರ ಹೊರುತ್ತದೆ, ಎಷ್ಟು ವೇಗದವರೆಗೆ ತಡೆಯುತ್ತದೆ, ಯಾವ ವರ್ಷದ ಎಷ್ಟನೇ ವಾರದಲ್ಲಿ ಹುಟ್ಟಿತು, ಎಲ್ಲ. ಗಾಡಿ ಯಾವುದು, ಓಡಿಸುವವರು ಯಾರು, ಎಂಥ ರಸ್ತೆ ಎಂದು ಕೇಳಿ ತಿಳಿದು, ಇಂಥದೇ ಟೈರು ಹಾಕಿ ಎಂದು ಹೇಳುವವಳು ಅವಳು. ಯಾವ ಗಾಡಿಗೆ ಯಾವ ದಿನ ಯಾವ ಟೈರು ಹಾಕಿತು, ಆಗ ಮೀಟರು ಎಷ್ಟಿತ್ತು ಎಂಬುದಕ್ಕೆಲ್ಲ ಒಂದು ದಪ್ಪ ಪುಸ್ತಕ ಇಟ್ಟಿದ್ದಳು. ಪುಸ್ತಕ ಒಂದು ಹೇಳಿ, ಗಂಡನ ಕೈ ಇನ್ನೊಂದು ಹೇಳಿದರೆ ಇಬ್ಬರಿಗೂ ಜಟಾಪಟಿ ನಡೆಯುತ್ತಿತ್ತು. ಮೂವತ್ತು ವರ್ಷದಲ್ಲಿ ಅಂಥ ಜಟಾಪಟಿ ಒಂದು ನಲವತ್ತು ಆಗಿರಬಹುದು, ಅಷ್ಟರಲ್ಲೂ ಗೆದ್ದದ್ದು ಕೈಯೇ. ಆದ್ದರಿಂದ ಅತ್ತಿಗೆ ಬರಬರುತ್ತ ವಾದ ಮಾಡುವುದನ್ನೇ ಬಿಟ್ಟಿದ್ದಳು, ಅವಳು ಮಾಡಿದ ತಪ್ಪು ಇದೇ.

ಆ ಬೆಳಿಗ್ಗೆ ಎಂಟೂವರೆಗೆ ಹಲ್ಲಿನ ಡಾಕ್ಟರು ತಮ್ಮ ಹಳದಿ ಕಾರು ತಂದರು. ಇಪ್ಪತ್ತೆರಡು ವರ್ಷ ಜನರ ಹಲ್ಲು ಕಿತ್ತು, ಕೊನೆಗೆ ತನಗಾಗಿ ಎಂದು ಆಕೆ ತೆಗೆದುಕೊಂಡ ಒಂದೇ ಒಂದು ವಸ್ತು ಅದು. ಎರಡೇ ಸೀಟು, ಮೊಣಕಾಲೆತ್ತರ ಕೂಡ ಬಾರದ ಮೂಗು, ಹಿಂದುಗಡೆ ಮಂಚದ ಕಾಲಿನ ಬದಲು ಇಡಬಹುದಾದಂಥ ಅಗಲದ ಟೈರುಗಳು. ಕಾರು ಕೊಂಡ ಹೊಸದರಲ್ಲಿ ಆಕೆ ಗೀರುಗಳೇ ಇಲ್ಲದ, ರೇಸಿಗೆ ಹಾಕುವ ಟೈರು ಬೇಕೆಂದು ಹಟ ಹಿಡಿದಿದ್ದರು. ಅತ್ತಿಗೆ ಒಪ್ಪಿರಲಿಲ್ಲ.

“ಡಾಕ್ಟ್ರೇ, ಅವು ಕಾದ ಮೇಲೆ ರಸ್ತೆ ಹಿಡಿಯೋ ಟೈರು. ನೀವು ಮನೆಯಿಂದ ಕ್ಲಿನಿಕ್ಕಿಗೆ ಹೋಗೋಷ್ಟರಲ್ಲಿ ಅವಕ್ಕೆ ನಿದ್ದೆಯಿಂದ ಎಚ್ಚರಾನೂ ಆಗಿರಲ್ಲ. ಮಳೇಲಂತೂ ಸೋಪಿನ ಮೇಲೆ ನಡೆದ ಹಾಗೆ. ಕಾರು ಮಾಡಿದೋರೇ ತಮ್ಮ ಗುರುತು ಒತ್ತಿಸಿರೋ ಟೈರು ಇದೆ, ಒಣ ರಸ್ತೆಗೂ ಒದ್ದೆ ರಸ್ತೆಗೂ ಆಗತ್ತೆ. ಹಾಕಿದ್ರೆ ಅದು, ಇಲ್ಲಾಂದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ” ಎಂದಿದ್ದಳು. ತಮ್ಮನ್ನೇ ಗದರಿಸುವವರು ಒಬ್ಬರಾದರೂ ಸಿಕ್ಕರಲ್ಲ ಎಂದು ಡಾಕ್ಟರಿಗೆ ಖುಷಿಯಾಗಿತ್ತು. ಅವತ್ತಿನಿಂದ ಅವರು ಈ ಅಂಗಡಿ ಬಿಟ್ಟು ಬೇರೆಲ್ಲೂ ಹೋದವರಲ್ಲ.

ಈಗ ಹಿಂದಿನ ಚಕ್ರಗಳಲ್ಲಿದ್ದ ಜೋಡಿ ಹಾಕಿ ಹದಿನಾಲ್ಕು ಸಾವಿರ ಕಿಲೋಮೀಟರು ಆಗಿದೆ ಎನ್ನುತ್ತಿತ್ತು ಪುಸ್ತಕ. ಮೆತ್ತನೆಯ ರಬ್ಬರು, ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಮೇಲಾಗಿ ಇಂಥ ಕಾರಿನ ಹಿಂದಿನ ಚಕ್ರಗಳನ್ನು ತಲೆ ಸ್ವಲ್ಪ ಒಳಕ್ಕೆ ವಾಲುವಂತೆ ಕೂರಿಸಿರುತ್ತಾರೆ, ಒಳಗಡೆಯ ಅಂಚು ಮೊದಲು ತೇಯುತ್ತದೆ. ಹೊರಗಿನಿಂದ ನೋಡಿದರೆ ಟೈರು ಹೊಸದರಂತೆಯೇ ಇರುತ್ತದೆ. ಕಾರು ನೆಲಕ್ಕೆ ಅಂಟಿಕೊಂಡಿರುವುದರಿಂದ ಬಗ್ಗಿದರೂ ಒಳ ಅಂಚು ಕಾಣುವುದಿಲ್ಲ. ಲಿಫ್ಟಿಗೆ ಏರಿಸಬೇಕು, ಇಲ್ಲವೇ ಚಕ್ರದ ಹಿಂದೆ ಕೈ ತೂರಿಸಿ ತಡವಬೇಕು.

ಇದನ್ನೆಲ್ಲ ಲೆಕ್ಕ ಹಾಕಿ ಅತ್ತಿಗೆ ನಾಲ್ಕು ದಿನ ಮೊದಲೇ ಹೊಸ ಜೋಡಿ ತರಿಸಿ, ಗಂಡ ಗೇಲಿ ಮಾಡಿಯಾನೆಂದು ಉಗ್ರಾಣದಲ್ಲಿ ಹಳೆಯ ಟ್ಯೂಬುಗಳ ಹಿಂದೆ ಅವಿತಿಟ್ಟಿದ್ದಳು. ಲಿಫ್ಟಿನ ಮೇಲೆ ಆಗ ಒಂದು ವ್ಯಾನು ಕೂತಿತ್ತು.

“ಹಿಂದಿನವು ಬದಲಾಯಿಸೋಣ ಅನ್ಸತ್ತೆ. ವ್ಯಾನು ಇಳಿಸಿ ಇದನ್ನ ಒಮ್ಮೆ ಏರಿಸಿ ನೋಡಿ” ಎಂದಳು.

“ಏರಿಸೋದು ಯಾಕೆ?” ಎಂದು ಬೆರಳಣ್ಣ ಕೂತೇ ಬಿಟ್ಟ. ಎಡಗಡೆ ಚಕ್ರದ ಹಿಂದೆ ಕೈ ತೂರಿಸಿ ಎಳೆದ, ಬಲಗಡೆಗೆ ಹೋಗಿ ಎಳೆದ, ಎದ್ದು ಪ್ಯಾಂಟಿಗೆ ಕೈ ಒರೆಸಿಕೊಂಡ. “ಇನ್ನೂ ಮೂರು ಸಾವಿರ ಕಿಲೋಮೀಟರು ಆರಾಮಾಗಿ ಓಡತ್ತೆ ಡಾಕ್ಟ್ರೇ. ನಮ್ಮ ಮನೆಯೋಳಿಗೆ ಹೊಸ ಟೈರು ಹಾಕಿಸೋ ಚಪಲ.”

ಡಾಕ್ಟರು ನಕ್ಕರು. ಟೈರು ಇನ್ನೂ ತಣ್ಣಗಿದ್ದಾಗಲೇ ನಾಲ್ಕೂ ಚಕ್ರಕ್ಕೆ ಗಾಳಿ ಸರಿಮಾಡಿಸಿಕೊಂಡರು. ಎರಡೂವರೆಗೆ ಕ್ಲಿನಿಕ್ಕು ಮುಚ್ಚಿ ಹೆದ್ದಾರಿಯಲ್ಲಿ ಮುನ್ನೂರು ಕಿಲೋಮೀಟರು ಹೋಗಿ ಹಾಸ್ಟೆಲಿನಿಂದ ಮಗಳನ್ನು ಕರೆತರುತ್ತೇನೆ, ಅವಳು ಈ ಕಾರಿನಲ್ಲಿ ಇದುವರೆಗೆ ಕೂತೇ ಇಲ್ಲ, ರಸ್ತೆ ಖಾಲಿ ಇದ್ದರೆ ಇದರ ಓಟ ಎಂಥದು ಎಂದು ತೋರಿಸುತ್ತೇನೆ ಎಂದರು. ಹೇಳುವಾಗ ಅವರ ಮುಖ ಹದಿನೆಂಟರ ಹುಡುಗಿಯದಾಗಿತ್ತು. ಅತ್ತಿಗೆ ಪುಸ್ತಕ ಮುಚ್ಚಿದಳು.

ಮಧ್ಯಾಹ್ನ ಒಂದೂಮುಕ್ಕಾಲಿಗೆ ಇಬ್ಬರೂ ಒಳಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚಿದರು. ಬೆರಳಣ್ಣ ಗ್ರೀಸು ಹೋಗುವ ಹಾಗೆ ಮರಳುಸೋಪಿನಿಂದ ಗಸಗಸ ಕೈ ತೊಳೆದು ಬಂದ. ಅವನು ಒರೆಸಿಕೊಂಡು ಎಸೆದ ಬಿಳಿ ಟವೆಲಿನ ಮೇಲೆ ಕೆಂಪು ಚುಕ್ಕೆಗಳಿದ್ದವು.

“ಏನ್ರೀ ಇದು ರಕ್ತ?”

“ಎಲ್ಲಿ?” ಎಂದು ಅವನು ಟವೆಲು ನೋಡಿದ, ಆಮೇಲೆ ತನ್ನ ಎರಡೂ ಕೈ ತಿರುಗಿಸಿ ತಿರುಗಿಸಿ ನೋಡಿದ. “ಓ, ಇಲ್ಲಿ. ಯಾವುದೋ ತಗಡು ತರಚಿರಬೇಕು. ಬಡಿಸು.”

ಅತ್ತಿಗೆ ಅವನ ಬಲಗೈ ಎಳೆದುಕೊಂಡಳು. ನಡುಬೆರಳಿನ ತುದಿಯಲ್ಲಿ ಮೂರು ತೂತು, ಒಂದೇ ಸಾಲಿನಲ್ಲಿ, ಎಳ್ಳುಕಾಳಿನಷ್ಟು ಅಂತರದಲ್ಲಿ. ತಗಡು ಹಾಗೆ ಚುಚ್ಚುವುದಿಲ್ಲ, ಮೊಳೆಯೂ ಚುಚ್ಚುವುದಿಲ್ಲ. ರಬ್ಬರೆಲ್ಲ ತೇದುಹೋಗಿ ಒಳಗಿನ ಉಕ್ಕಿನ ತಂತಿ ಹೊರಬಂದ ಟೈರು ಮಾತ್ರ ಹಾಗೆ ಚುಚ್ಚುತ್ತದೆ. ಆ ತಂತಿ ಸೋಕಿದರೆ ಎಂಥ ಗಂಡಸಾದರೂ ಹೌಹಾರಿ ಕೈ ಕೊಡವುತ್ತಾನೆ, ಅಂಗಡಿಯಲ್ಲೇ ಕೆಲಸಕ್ಕಿದ್ದ ಅವಳ ತಮ್ಮನಂತೂ ಒಮ್ಮೆ ಇಡೀ ಬೀದಿಗೆ ಕೇಳುವಂತೆ ಕಿರುಚಿದ್ದ. ಇವನು ಹೌಹಾರಿರಲಿಲ್ಲ. ಈಗ ಮರಳುಸೋಪು ಹಾಕಿ ಉಜ್ಜಿದಾಗಲೂ ಮುಖ ಕಿವುಚಿರಲಿಲ್ಲ.

“ಇವತ್ತು ಯಾವ್ಯಾವ ಚಕ್ರಕ್ಕೆ ಕೈ ಹಾಕಿದ್ರಿ?”

“ಏನು ವಿಚಾರಣೆ ಇದು? ವ್ಯಾನಿಗೆ ಹೊಸ ಟೈರು ಹಾಕಿದ್ವಿ. ಒಂದು ಪಂಚರು. ಆಮೇಲೆ ಡಾಕ್ಟ್ರ ಕಾರು.”

ವ್ಯಾನಿನವು ಕಾಗದ ಕೂಡ ಬಿಚ್ಚದಿದ್ದ ಹೊಸ ಟೈರು, ಪಂಚರಾದದ್ದು ಸ್ಕೂಟರು, ಅದರ ಟೈರಿಗೆ ಹಾಗೆ ಹೊರಬರುವ ತಂತಿಯೇ ಇಲ್ಲ, ಉಳಿದದ್ದು ಡಾಕ್ಟರ ಕಾರು. ಆದರೂ ಅವಳು ದನಿ ಏರಿಸಲಿಲ್ಲ. “ಕಣ್ಣು ಮುಚ್ಚಿ” ಎಂದಳು.

“ಊಟದ ಹೊತ್ತಲ್ಲಿ ಏನೇ ನಿನ್ನ ಆಟ?”

“ಮುಚ್ಚಿ ಅಂದೆ.”

ಅವನು ಮುಚ್ಚಿದ. ಅತ್ತಿಗೆ ಅವನ ಕೈಯನ್ನು ಮೇಜಿನ ಮೇಲೆ ಬಿಟ್ಟು, ತನ್ನ ಕೈ ಮಡಿಲಲ್ಲಿ ಇಟ್ಟುಕೊಂಡಳು. “ಈಗ ಯಾವ ಬೆರಳು ಹಿಡ್ಕೊಂಡಿದೀನಿ, ಹೇಳಿ.”

ಬೆರಳಣ್ಣನ ಹಣೆಯ ಮೇಲೆ ಗೆರೆ ಮೂಡಿತು. ಕೇಳಿದ ಪ್ರಶ್ನೆಗೆ ಉತ್ತರ ಬಾರದ ವಿದ್ಯಾರ್ಥಿಯ ಹಾಗೆ ತುಟಿ ಅಲ್ಲಾಡಿಸಿ, “ಉಂಗುರದ ಬೆರಳು” ಎಂದ.

ಕಣ್ಣು ತೆರೆದು ನೋಡಿದಾಗ ಹೆಂಡತಿಯ ಎರಡು ಕೈಯೂ ಅವಳ ಮಡಿಲಲ್ಲಿದ್ದವು. ಹೊರಗೆ ಅವಳ ತಮ್ಮ ಟೈರು ಬಿಚ್ಚುವ ಮೆಷೀನು ಓಡಿಸುತ್ತಿದ್ದ ಸದ್ದು ಮಾತ್ರ ಕೇಳುತ್ತಿತ್ತು.

“ಎಷ್ಟು ದಿನದಿಂದ?”

“ಎಂಟು ತಿಂಗಳಾಯ್ತು. ಮೊದಲು ಜೋಮು ಅನ್ಕೊಂಡೆ. ಆಮೇಲೆ ಒಂದೊಂದೇ ಬೆರಳು...” ಅವನು ಡಬ್ಬಿಯ ಮುಚ್ಚಳ ನೋಡುತ್ತ ಹೇಳಿದ. “ಕಣ್ಣಲ್ಲೇ ನೋಡಿ ಹೇಳ್ತಿದ್ದೆ. ಗೊತ್ತಿರೋ ಗಾಡಿಗಳೇ ಅಲ್ವಾ, ಅಂದಾಜು ಸಿಗತ್ತೆ. ಸಿಗದೇ ಇದ್ರೆ ಸೊಂಟನೋವು ಅಂತ ನೆಪ ಹೇಳಿ ಲಿಫ್ಟಿಗೆ ಏರಿಸ್ತಿದ್ದೆ. ಇವತ್ತು ಡಾಕ್ಟ್ರ ಮುಂದೆ ನೀನೇ ಏರಿಸಿ ಅಂದಾಗ ಜಂಭ ಅಡ್ಡ ಬಂತು.”

ಗಂಡನಿಗೆ ವಯಸ್ಸಾಗುತ್ತ ಬುದ್ಧಿ ಬರುತ್ತಿದೆ, ಲಿಫ್ಟು ಬಳಸುವುದು ಕಲಿತಿದ್ದಾನೆ ಎಂದು ಈ ಎಂಟು ತಿಂಗಳು ಅತ್ತಿಗೆ ಮನಸ್ಸಿನಲ್ಲೇ ಹಿಗ್ಗಿದ್ದಳು. ಈಗ ಆ ಹಿಗ್ಗು ನೆನೆದು ಅವಳಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು.

“ನನಗೆ ಹೇಳೋಕೆ ಏನಾಗಿತ್ತು ನಿಮಗೆ?”

“ಏನಂತ ಹೇಳಲಿ? ಬೆರಳಣ್ಣನಿಗೆ ಬೆರಳೇ ಇಲ್ಲ ಅಂತಲೇ?”

ಗಡಿಯಾರ ಒಂದು ಐವತ್ತೈದು ತೋರಿಸುತ್ತಿತ್ತು. ಸಿಟ್ಟು, ಕನಿಕರ ಎಲ್ಲವನ್ನೂ ಡಬ್ಬಿಯ ಜೊತೆಗೇ ಮುಚ್ಚಿಟ್ಟು ಅತ್ತಿಗೆ ಫೋನೆತ್ತಿದಳು. ಡಾಕ್ಟರ ಮೊಬೈಲು ಬಂದ್ ಆಗಿತ್ತು, ರೋಗಿ ಬಾಯಿ ತೆರೆದು ಕೂತಿರುವಾಗ ಅವರು ಫೋನು ಮುಟ್ಟುವವರಲ್ಲ. ಕ್ಲಿನಿಕ್ಕಿನ ಫೋನು ಹನ್ನೆರಡು ಸಲ ಹೊಡೆದುಕೊಂಡು ಸುಮ್ಮನಾಯಿತು. ಇನ್ನೊಮ್ಮೆ ಹಚ್ಚಿದಳು, ಅದೂ ಹಾಗೆಯೇ. ತಂತಿ ಹೊರಬಂದ ಟೈರು ಪೇಟೆಯ ನಿಧಾನದಲ್ಲಿ ಹೇಗೋ ಉರುಳೀತು. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿ ಬಿಸಿಯಾದರೆ ಒಂದೇ ಏಟಿಗೆ ಸಿಡಿಯುತ್ತದೆ. ಹೋಗುವಾಗ ಡಾಕ್ಟರೊಬ್ಬರೇ, ಬರುವಾಗ ಪಕ್ಕದಲ್ಲಿ ಮಗಳೂ ಇರುತ್ತಾಳೆ.

“ಏಳಿ” ಎಂದಳು. “ಜ್ಯಾಕು ತಗೊಳ್ಳಿ.”

ಉಗ್ರಾಣದ ಟ್ಯೂಬುಗಳ ಹಿಂದೆ ಒಂದು ಜೋಡಿ ಇದೆ, ಹೊರಗೆ ತೆಗೆದು ಸಿದ್ಧಮಾಡಿಡು ಎಂದು ತಮ್ಮನಿಗೆ ಕೂಗಿ ಹೇಳಿ, ಅಂಗಡಿಯ ಸಾಮಾನು ಗಾಡಿಯನ್ನು ತಾನೇ ಓಡಿಸಿದಳು. ಪ್ರತಿ ಸಿಗ್ನಲ್ಲೂ ಇವಳಿಗಾಗಿಯೇ ಕಾದಿದ್ದಂತೆ ಕೆಂಪಾಗುತ್ತಿತ್ತು. ಬೆರಳಣ್ಣ ಪಕ್ಕದಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟು ಕೂತಿದ್ದ. ಇಷ್ಟು ದೊಡ್ಡ ಮನುಷ್ಯ ಇಷ್ಟು ಚಿಕ್ಕದಾಗಿ ಕೂತದ್ದನ್ನು ಅವಳು ಎಂದೂ ನೋಡಿರಲಿಲ್ಲ.

“ನೀವೇನೂ ಮಾತಾಡಬೇಡಿ” ಎಂದಳು. “ನಾನೇ ಪುಸ್ತಕ ತಪ್ಪಾಗಿ ಓದಿದೆ, ಬೇರೆ ಗಾಡಿ ಲೆಕ್ಕ ಡಾಕ್ಟ್ರ ಗಾಡಿಗೆ ಹೇಳಿದೆ ಅಂತೀನಿ. ನನಗೆ ಎರಡು ಬೈತಾರೆ, ಅಷ್ಟೇ ತಾನೆ. ನಿಮ್ಮ ಕೈ ವಿಷಯ ನಮ್ಮಿಬ್ಬರಲ್ಲೇ ಇರಲಿ.”

ಅವನು ಕಿಟಕಿಯಾಚೆ ನೋಡುತ್ತಿದ್ದ.

ಕ್ಲಿನಿಕ್ಕಿನ ಹಿಂದಿನ ಅಂಗಳಕ್ಕೆ ಅವರು ತಿರುಗಿದಾಗ ಎರಡು ಇಪ್ಪತ್ತೆರಡು. ಹಳದಿ ಕಾರು ಅಲ್ಲೇ ಇತ್ತು. ಬಿಳಿ ಕೋಟು ಕಳಚಿ, ಬಣ್ಣದ ಅಂಗಿ ಹಾಕಿ, ತೋಳಿಗೆ ಚೀಲ ನೇತುಹಾಕಿಕೊಂಡು ಡಾಕ್ಟರು ಕಾರಿನ ಬಾಗಿಲು ತೆರೆಯುತ್ತಿದ್ದರು. ಅತ್ತಿಗೆ ಗಾಡಿಯನ್ನು ನೇರವಾಗಿ ಅವರ ಕಾರಿನ ಮೂಗಿಗೆ ಅಡ್ಡ ತಂದು ನಿಲ್ಲಿಸಿ ಕೆಳಗಿಳಿದಳು.

“ಡಾಕ್ಟ್ರೇ, ಕಾರು ತೆಗೀಬೇಡಿ. ಒಂದು ತಪ್ಪಾಗಿದೆ. ನಾನು ಬೆಳಿಗ್ಗೆ ಪುಸ್ತಕ ನೋಡುವಾಗ—”

“ಅವಳದ್ದಲ್ಲ” ಎಂದ ಬೆರಳಣ್ಣ. ಅವನು ಗಾಡಿಯಿಂದ ಇಳಿದದ್ದೇ ಅವಳಿಗೆ ಗೊತ್ತಾಗಿರಲಿಲ್ಲ. “ಅವಳು ಸರಿಯಾಗೇ ಓದಿದ್ಲು. ಬದಲಾಯಿಸಿ ಅಂತಲೂ ಅಂದ್ಲು. ತಪ್ಪು ನನ್ನದು. ನನ್ನ ಬೆರಳಲ್ಲಿ ಜೀವ ಇಲ್ಲ ಡಾಕ್ಟ್ರೇ. ಎಂಟು ತಿಂಗಳಿಂದ ಇಲ್ಲ. ನಿಮ್ಮ ಟೈರು ತಡವಿದ ಹಾಗೆ ನಟನೆ ಮಾಡಿದೆ. ಒಳಗಡೆ ತಂತಿ ಬಂದಿದೆ, ಅದು ಚುಚ್ಚಿದ್ದೂ ನನಗೆ ಗೊತ್ತಾಗಲಿಲ್ಲ.”

ಮೂರು ತೂತಿನ ಬೆರಳನ್ನು ಅವನು ಆಕೆಯ ಮುಂದೆ ಚಾಚಿದ. ಮೂವತ್ತು ವರ್ಷ ಗಿರಾಕಿಗಳ ಮುಂದೆ ಆ ಬೆರಳನ್ನು ಎತ್ತಿ ತೋರಿಸಿ ಬುದ್ಧಿ ಹೇಳುತ್ತಿದ್ದವನು. ಅತ್ತಿಗೆಗೆ ನೋಡಲಾಗಲಿಲ್ಲ, ಮುಖ ತಿರುಗಿಸಿದಳು.

ಡಾಕ್ಟರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. “ಮಗಳನ್ನ ಕೂರಿಸ್ಕೊಂಡು ಬರ್ತೀನಿ ಅಂತ ನಿಮಗೆ ಹೇಳಿದ್ದೆ. ನಿಮ್ಮ ಎದುರಿಗೇ ಹೇಳಿದ್ದೆ” ಎಂದರು. ಬೈಗುಳವಾಗಿದ್ದರೆ ವಾಸಿಯಿತ್ತು. ಬೆರಳಣ್ಣ “ಹೌದು, ಹೇಳಿದ್ರಿ” ಎಂದಷ್ಟೇ ಹೇಳಿ ತಲೆ ತಗ್ಗಿಸಿ ನಿಂತ. ಆಕೆ ಚೀಲವನ್ನು ನೆಲಕ್ಕೆ ಹಾಕಿ ಮೆಟ್ಟಿಲ ಮೇಲೆ ಕುಸಿದು ಕೂತರು.

ಆಮೇಲೆ ಡಾಕ್ಟರೇ ಎದ್ದು ಬಂದರು. ಅವನ ಕೈ ಹಿಡಿದು, ಕಾರಿನ ಕೀಲಿಯ ಮೊನೆಯಲ್ಲಿ ಬೆರಳಿನ ತುದಿಯಿಂದ ಮೇಲಕ್ಕೆ ಮೆಲ್ಲಗೆ ಒತ್ತುತ್ತ ಹೋದರು. “ಇಲ್ಲಿ? ಇಲ್ಲಿ?” ಅವನು ಇಲ್ಲವೆಂದು ತಲೆಯಾಡಿಸುತ್ತಲೇ ಇದ್ದ. ಮಣಿಕಟ್ಟು ದಾಟಿದ ಮೇಲೆ ಹೂಂ ಎಂದ.

“ಸಕ್ಕರೆ ಕಾಯಿಲೆ ಇದೆಯಾ?”

“ಗೊತ್ತಿಲ್ಲ. ನೋಡಿಸಿಲ್ಲ.”

“ನೋಡಿಸಿಲ್ಲ!” ಈಗ ಡಾಕ್ಟರಿಗೆ ನಿಜವಾದ ಕೋಪ ಬಂತು. “ಊರವರ ಟೈರಿನ ಗಾಳಿ ವಾರಕ್ಕೊಮ್ಮೆ ನೋಡಿಸಿ ಅಂತ ಉಪದೇಶ ಮಾಡ್ತೀರಿ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಹೋಗಿ ರಕ್ತ ಕೊಡ್ತೀರಿ. ಚೀಟಿ ನಾನು ಬರೆದು ಕೊಡ್ತೀನಿ. ಹೋದ ಬೆರಳು ವಾಪಸ್ಸು ಬರತ್ತೆ ಅಂತ ನಾನು ಹೇಳಲ್ಲ. ಉಳಿದಿದ್ದನ್ನ ಉಳಿಸ್ಕೋಬೋದು.” ಹೀಗೆಂದು ಆಕೆ ಮಗಳಿಗೆ ಫೋನು ಮಾಡಿ, ಎರಡು ಗಂಟೆ ತಡ ಆಗತ್ತೆ, ಯಾಕೆ ಅಂತ ಬಂದ ಮೇಲೆ ಹೇಳ್ತೀನಿ ಎನ್ನುತ್ತ ಚೀಟಿ ಬರೆಯಲು ಒಳಗೆ ಹೋದರು.

ಅಂಗಳದಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಬೆರಳಣ್ಣ ಎಡಗಡೆ ಚಕ್ರದ ನಟ್ಟುಗಳನ್ನು ಸಡಿಲಿಸಿದ, ಜ್ಯಾಕು ಕೊಟ್ಟು ಕಾರಿನ ಹಿಂಭಾಗವನ್ನು ಎತ್ತಿದ. ಅಷ್ಟು ಮಾಡಲು ತೋಳಿನ ಬಲ ಸಾಕಿತ್ತು. ಚಕ್ರ ಹೊರಕ್ಕೆ ಬರುವ ಮೊದಲೇ ಅವನು ನಿಲ್ಲಿಸಿ, “ಬಾ, ಕೂತ್ಕೋ” ಎಂದ. “ಹಿಂದಿಂದ ಕೈ ಹಾಕು. ಕಣ್ಣಲ್ಲಿ ನೋಡ್ಬೇಡ.”

“ನಾನಾ?”

“ಮತ್ತೆ ಇನ್ಯಾರು?”

ಮೂವತ್ತು ವರ್ಷ ಅವನು ಯಾರಿಗೂ ಹೇಳಿಕೊಡದ ವಿದ್ಯೆ ಅದು. ಅವಳ ತಮ್ಮ ಕೇಳಿದರೂ ನಕ್ಕು ಹಾರಿಸಿಬಿಡುತ್ತಿದ್ದ. ಅತ್ತಿಗೆ ನೆಲಕ್ಕೆ ಮೊಣಕಾಲೂರಿ ಚಕ್ರದ ಹಿಂದೆ ಕೈ ತೂರಿಸಿದಳು.

“ಹೊರಗಡೆಯಿಂದ ಒಳಗಡೆಗೆ ಎಳಿ. ನುಣ್ಣಗಿದೆಯಾ? ಈಗ ವಾಪಸ್ಸು ಎಳ್ಕೊಂಡು ಬಾ.”

“ಗರಗಸದ ಹಲ್ಲಿನ ಹಾಗೆ ಸಿಕ್ಕಿಕೊಳ್ತಾ ಇದೆ.”

“ಹಾಂ, ಅದೇ. ಅಂದ್ರೆ ಚಕ್ರ ಅಡ್ಡಡ್ಡ ಉಜ್ಜಿಕೊಂಡು ಓಡಿದೆ, ಅಲೈನ್‌ಮೆಂಟೂ ನೋಡ್ಬೇಕು. ಇನ್ನೂ ಒಳಗೆ ಹೋಗು. ನಿಧಾನ. ಒತ್ತಬೇಡ, ಮುಟ್ಟೋದಷ್ಟೇ.”

ಅವಳ ಬೆರಳು ಅಂಚಿಗೆ ಬಂತು. ರಬ್ಬರು ಮುಗಿದು ಬಟ್ಟೆಯಂಥದೊಂದು ತಾಕಿತು, ಅದರಾಚೆ ಚುಳ್ಳೆಂದಿತು. “ಅಯ್ಯೋ!” ಎಂದು ಕೈ ಎಳೆದುಕೊಂಡಳು. ಬೆರಳ ತುದಿಯಲ್ಲಿ ರಕ್ತದ ಒಂದು ಬಿಂದು ನಿಧಾನವಾಗಿ ಮೂಡಿತು. ಬೆರಳಣ್ಣ ಅದನ್ನೇ ನೋಡುತ್ತಿದ್ದ. ಅವನ ನೋಟದಲ್ಲಿದ್ದದ್ದು ಹಸಿವು ಎಂದು ಅವಳಿಗೆ ಅನ್ನಿಸಿತು.

“ಜೋರಾಗಿ ಚುಚ್ತಾ?”

“ಚುಚ್ತು ರೀ. ಬೆಂಕಿ ತಾಗಿದ ಹಾಗೆ.”

“ಒಳ್ಳೇದು” ಎಂದ ಅವನು. “ಇನ್ನು ಮೇಲೆ ನೀನೇ ನೋಡು. ನೀನು ಹೇಳಿದ್ದನ್ನ ನಾನು ಕೇಳ್ತೀನಿ.”

ಎರಡೂ ಚಕ್ರಗಳನ್ನು ಇಬ್ಬರೂ ಸೇರಿ ಬಿಚ್ಚಿ ಸಾಮಾನು ಗಾಡಿಗೆ ಉರುಳಿಸಿದರು. ಹೊಸ ಟೈರು ಕೂರಿಸಲು, ಚಕ್ರ ತೂಕಕ್ಕೆ ಹಾಕಿ ಸರಿಮಾಡಲು ಅಂಗಡಿಗೇ ಒಯ್ಯಬೇಕಿತ್ತು. ಕೊನೆಯ ಮರದ ದಿಮ್ಮಿಯನ್ನು ಕಾರಿನ ಕೆಳಗೆ ಆನಿಸಿ ಬೆರಳಣ್ಣ ಏಳಲು ಹೋದ. ಮೊಣಕಾಲು ಹಿಡಿದುಕೊಂಡು ಏಳಲಾಗಲಿಲ್ಲ, ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅತ್ತಿಗೆ ಅವನತ್ತ ಕೈ ಚಾಚಿದಳು. ಅವನು ಆ ಕೈ ಹಿಡಿಯದೆ ಸುಮ್ಮನೆ ನೋಡುತ್ತಿದ್ದ.

“ಟೈರು ಹೋಗ್ಲಿ ಬಿಡೆ” ಎಂದ. “ಅದನ್ನ ನೀನು ನೋಡ್ಕೋತೀಯ. ನೀನು ಕೈ ಹಿಡ್ಕೊಂಡ್ರೆ ನನಗೆ ಗೊತ್ತಾಗಲ್ಲ ಕಣೇ. ರಸ್ತೆ ದಾಟುವಾಗ ಬಗ್ಗಿ ನೋಡ್ಕೋತೀನಿ, ನಿನ್ನ ಕೈ ಇದೆಯೋ ಇಲ್ವೋ ಅಂತ. ಎಂಟು ತಿಂಗಳಿಂದ ಹಾಗೇ ನೋಡ್ಕೋತಾ ಇದೀನಿ.”

ಅತ್ತಿಗೆ ಬಗ್ಗಿ, ಅವನ ಬೆರಳುಗಳನ್ನು ಬಿಟ್ಟು, ಅಂಗೈಯನ್ನೂ ಬಿಟ್ಟು, ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ಮುಂಗೈಯನ್ನು ತನ್ನ ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. ಇದ್ದ ಬಲವನ್ನೆಲ್ಲ ಹಾಕಿ ಅವನನ್ನು ಮೇಲಕ್ಕೆ ಎಳೆದು ನಿಲ್ಲಿಸಿದಳು. ಅವನು ನಿಂತ ಮೇಲೂ ಬಿಡಲಿಲ್ಲ.

“ನೋಯ್ತಾ ಇದೆ ಕಣೇ” ಎಂದ ಬೆರಳಣ್ಣ.

“ನೋಯಲಿ” ಎಂದಳು ಅವಳು, ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು.